ಗೌರೀಶಂಕರಣ್ಣನ ಗಾಳಿ ಟಾಂಕಿ

ನನ್ನ ಅಣ್ಣ ಗೌರೀಶಂಕರ ಜೀವಮಾನದಲ್ಲಿ ಮಾಡಿದ ಸಾಧನೆ ಒಂದೇ. ೧೯೫೭ರಲ್ಲಿ ರಬ್ಬರ್ ತೋಟದ ದೊರೆಯೊಬ್ಬ ಬಂಗಲೆ ಖಾಲಿ ಮಾಡುವಾಗ ಅವನ ಹಳೇ ಗಾಳಿ ಟಾಂಕಿಯನ್ನು ಕೊಂಡು ಆಲಂಕಾರಿನ ಮನೆಗೆ ತಂದದ್ದು. ಮೈಯೆಲ್ಲ ಮುಚ್ಚಿದ ಕಬ್ಬಿಣದ ಟಾಂಕಿ ಅದು. ಸೀಮೆಎಣ್ಣೆ ಪಂಪು ಬಾವಿಯ ನೀರನ್ನು ಅದರೊಳಗೆ ತಳ್ಳುತ್ತದೆ, ಒಳಗಿನ ಗಾಳಿ ಆ ನೀರನ್ನು ಒತ್ತಿ ನಳ್ಳಿಗೆ ಕಳಿಸುತ್ತದೆ. ನೆಂಟರು ಬಂದರೆ ಅಣ್ಣ ಮೊದಲು ಅವರನ್ನು ಬಚ್ಚಲಿಗೆ ಕರೆದೊಯ್ದು, ನಳ್ಳಿ ತಿರುಗಿಸಿ, ಭಗೀರಥನ ಹಾಗೆ ನಿಲ್ಲುತ್ತಿದ್ದ.

ಆ ನೀರು ಬಚ್ಚಲಿಗೆ ಮಾತ್ರ. ನಳ್ಳಿಯೊಳಗೆ ಚರ್ಮದ ವಾಶರ್ ಇದೆ, ಮಡಿಗೆ ಆಗದು ಎಂದು ಅವನ ತೀರ್ಪು. ಹಾಗಾಗಿ ಅಡಿಗೆಗೂ ದೇವರಿಗೂ ಬೇಕಾದ ನೀರನ್ನು ಅತ್ತಿಗೆ ಗೋದಾವರಿ ದಿನಕ್ಕೆ ಇಪ್ಪತ್ತು ಕೊಡಪಾನದಂತೆ ಬಾವಿಯಿಂದ ಎಳೆಯುತ್ತಿದ್ದಳು. ೧೯೬೬ರ ಹೊತ್ತಿಗೆ ಅವಳ ಬಲರಟ್ಟೆ ಹೋಗಿತ್ತು. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಅಣ್ಣನ ಕಣ್ಣಿಗೆ ಅದು ಬೀಳಲೇ ಇಲ್ಲ.

ಆ ವರ್ಷ ಟಾಂಕಿ ತುಕ್ಕು ಹಿಡಿದು ತಳ ಬಿಟ್ಟಿತು. ನಾನು ಸುಳ್ಯದಿಂದ ತವರಿಗೆ ಬಂದಿದ್ದ ವಾರವೇ ಪುತ್ತೂರಿನ ಫಿಟ್ಟರ್ ಹೈದರ್ ಹೊಸದನ್ನು ಕೂರಿಸಲು ಬಂದ. ಬೆಳಿಗ್ಗೆ ಅಣ್ಣನೇ ಅವನನ್ನು ಬಾವಿಗೆ ಇಳಿಸಿ, ಸೊಂಟಮಟ್ಟದ ನೀರಿನಲ್ಲಿ ನಿಲ್ಲಿಸಿ, ಪಂಪಿಗೆ ಹೊಸ ಪೈಪು ಹಾಕಿಸಿಕೊಂಡಿದ್ದ. ಹೈದರ್ ಮೇಲೆ ಬಂದಾಗ ಅತ್ತಿಗೆ ಕೇಳಿದಳು:

"ಅಡಿಗೆಮನೆಗೆ ಒಂದು ನಳ್ಳಿ ಆಗ್ತದಾ ಹೈದರ್?"

"ಆಗದೆ ಎಂತ ಅಮ್ಮ? ಪೈಪು ಉಂಟು. ಅರ್ಧ ಗಂಟೆಯ ಕೆಲಸ."

"ಚರ್ಮ ಉಂಟಲ್ಲ!" ಎಂದ ಅಣ್ಣ, ಜಗಲಿಯಿಂದಲೇ.

"ಈಗ ಚರ್ಮ ಎಲ್ಲಿ ಉಂಟು ಧಣಿ? ಎಲ್ಲ ರಬ್ಬರ್. ಮರದ ಹಾಲು."

ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ಹೈದರ್ ಟಾಂಕಿಯ ಕಡೆ ಹೋದ ಮೇಲೆ ಅಣ್ಣ, "ಅವ ಮುಟ್ಟಿದ ನಳ್ಳಿ ಅಡಿಗೆಮನೆಗೆ ಬೇಡ" ಎಂದ.

"ಬಾವಿಗೆ ಇಳಿದದ್ದು ಯಾರು ಮತ್ತೆ?" ನಾನು ಕೇಳಿದೆ.

"ಬಾವಿಗೆ ದೋಷ ಇಲ್ಲ ಈಶ್ವರಿ. ಅದು ಗಂಗೆ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನನಗೆ ಹೇಸಿಗೆಯಾಯಿತು. ಅತ್ತಿಗೆ ಜಗಳಕ್ಕೆ ನಿಲ್ಲಲಿಲ್ಲ. ಖಾಲಿ ಕೊಡಪಾನ ತಂದು ಅವನ ಮುಂದೆ ಇಟ್ಟಳು.

"ನನ್ನ ಕೈಯಲ್ಲಿ ಇನ್ನು ಆಗುದಿಲ್ಲ. ಮಡಿ ನಿಮ್ಮದು, ನೀವೇ ಎಳೆಯಿರಿ. ಈಶ್ವರಿ, ನೀನೂ ಮುಟ್ಟಬೇಡ."

ಗಂಟೆ ಹನ್ನೊಂದಾಗಿತ್ತು. ಪೂಜೆಯಾಗದೆ ಅಣ್ಣನಿಗೆ ಊಟವಿಲ್ಲ, ನೀರಿಲ್ಲದೆ ಪೂಜೆಯಿಲ್ಲ. ಬೇರೆ ದಾರಿ ಕಾಣದೆ ಶಲ್ಯವನ್ನು ಸೊಂಟಕ್ಕೆ ಬಿಗಿದು ಬಾವಿಕಟ್ಟೆಗೆ ನಡೆದ. ಮೊದಲ ಸಲ ಕೊಡಪಾನ ಅರ್ಧ ಚೆಲ್ಲಿಕೊಂಡು ಮೇಲೆ ಬಂತು. ಎರಡನೆಯ ಸಲ ಕಟ್ಟೆಗೆ ಬಡಿದು ನೆಗ್ಗಿತು. ಮೂರನೆಯ ಸಲ ಹಗ್ಗ ಹಿಡಿಯಲೇ ಇಲ್ಲ, ಅಂಗೈ ನೋಡಿಕೊಂಡು ನಿಂತ. ಉಜ್ಜಿ ಕೆಂಪಾಗಿತ್ತು, ಅಷ್ಟೆ.

"ಹೈದರ್," ಎಂದು ಕೂಗಿದ, "ಆ ರಬ್ಬರ್ ಮರದ ಹಾಲೇ ಹೌದಲ್ವಾ ಮಾರಾಯ?"

ವರ್ಷಾನುಗಟ್ಟಲೆ ಹೆಂಡತಿಯ ರಟ್ಟೆ ಸವೆದರೂ ಅಲುಗದ ಮಡಿ, ಅವನ ಅಂಗೈ ಕೆಂಪಾದದ್ದಕ್ಕೆ ಅಲುಗಿತು. ಹನ್ನೆರಡಕ್ಕೆಲ್ಲ ಅಡಿಗೆಮನೆಗೆ ನಳ್ಳಿ ಬಂತು.

ಅತ್ತಿಗೆ ಅದನ್ನು ತಿರುಗಿಸಿ ಚೆಂಬು ತುಂಬಿಸಿದಳು. ಮೊದಲ ಚೆಂಬು ಕುಡಿಯಲು ಹೈದರನಿಗೆ ಹೋಯಿತು, ದೇವರಿಗೆ ಎರಡನೆಯದು. ಅಣ್ಣ ಎಲ್ಲವನ್ನೂ ನೋಡಿದ. ಆ ಎರಡನೆಯದನ್ನೇ ಹಿಡಿದು ಪೂಜೆಗೆ ಕೂತ, ಅವನಿಗೆ ಹಸಿವಾಗಿತ್ತು.