ದರ್ಜಿ ಮಾವನ ಈಜುಕೊಳ

ನನ್ನ ಸೋದರಮಾವ ದರ್ಜಿ. ಕೋಟು ಹೊಲಿಯುವುದರಲ್ಲಿ ಗಟ್ಟಿಗರು, ಗೊಣಗುವುದರಲ್ಲಂತೂ ಕೇಳುವುದೇ ಬೇಡ. ಇಂಥವರು ಜೀವಮಾನದ ದುಡಿಮೆಯೆಲ್ಲ ಸುರಿದು ಈಜುಕೊಳ, ಜಿಮ್, ಪುಟ್ಟ ಚಿತ್ರಮಂದಿರ ಎಲ್ಲ ಇರುವ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡರು. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಬೇಕಾಗುತ್ತದೆ ಎಂದು ಅದೇ ಕಟ್ಟಡದಲ್ಲಿ ಬಾಡಿಗೆಗಿದ್ದ ನಾನು ಬಡಕೊಂಡೆ. ಯಾರು ಕೇಳಬೇಕು?

ಮೊದಲ ಬಿಲ್ಲು ನೋಡಿದ್ದೇ ಮಾವ ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ, ನಮ್ಮನೇಲಿ ನಾವೇ ಬಾಡಿಗೆಗಿದ್ದ ಹಾಗಾಯ್ತಲ್ಲೇ!"

ಆಮೇಲೆ ಶುರುವಾಯಿತು ನೋಡಿ, ಕೊಟ್ಟದ್ದನ್ನು ವಸೂಲಿ ಮಾಡುವ ಹುಚ್ಚು. ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ನಡೆಯುತ್ತ ಗಿರಾಕಿಗಳ ಕೋಟಿಗೆ ಗುಂಡಿ ಹೊಲಿದರು, ಬೆರಳಿಗೆಲ್ಲ ಚುಚ್ಚಿಕೊಂಡರು. ಚಿತ್ರಮಂದಿರದಲ್ಲಿ ಎಸಿ ಹಾಕಿಸಿಕೊಂಡು ಗೊರಕೆ ಹೊಡೆದರು. ಉಳಿದದ್ದು ಕೊಳ. ಮಾವನಿಗೋ ನೀರೆಂದರೆ ಪ್ರಾಣಭಯ.

"ನೀನಾದ್ರೂ ಇಳಿಯೇ, ಸುಮ್ನೆ ದಂಡ ಆಗ್ತಿದೆ" ಎಂದು ಅತ್ತೆಯ ಬೆನ್ನು ಹತ್ತಿದರು.

ಅತ್ತೆಗೆ ಮಂಡಿನೋವು. ಮಾವನ ಪಕ್ಕದಲ್ಲಿ ವರ್ಷಗಟ್ಟಲೆ ಹೊಲಿಗೆ ಮಿಷನ್ ತುಳಿದು ಬಂದದ್ದು. ಅಂಗಡಿಯಲ್ಲಿ ಸಿಗುವ ಈಜುಡುಗೆ ಹಾಕಲು ಸುತರಾಂ ಒಪ್ಪಲಿಲ್ಲ. ಸರಿ, ಮಾವನೇ ಹೊಲಿದರು. ಕೋಟು ಬಿಟ್ಟರೆ ಬೇರೇನಾದರೂ ಬಂದರೆ ತಾನೆ! ಕತ್ತಿನಿಂದ ಪಾದದವರೆಗೆ ನೀಲಿ ಬಟ್ಟೆ, ಒಳಗೆ ಲೈನಿಂಗ್, ಎರಡು ಜೇಬು, ಹೆಗಲಿಗೆ ದಪ್ಪ ಸ್ಪಂಜಿನ ಪ್ಯಾಡು. ಅತ್ತೆ ನೀರಿಗಿಳಿದದ್ದೇ ತಡ, ಲೈನಿಂಗಿನೊಳಗೆ ಗಾಳಿ ತುಂಬಿ ಬಲೂನಿನಂತೆ ಉಬ್ಬಿಬಿಟ್ಟರು. ಮುಳುಗೋಣವೆಂದರೂ ಆಗದು!

"ರೀ, ಹೊರಗೆ ಬರೋದು ಹೇಗ್ರೀ?" ಎಂದು ಕೂಗುತ್ತ ಕೊಳದ ನಡುವೆ ಗಿರಗಿರ ತಿರುಗಿದರು. ಕಾವಲುಗಾರ ಕಸ ತೆಗೆಯುವ ಬಲೆಯ ಕೋಲು ಚಾಚಿ ಅಂಚಿಗೆ ಎಳೆದ. ನಾನು ನಕ್ಕು ನಕ್ಕು ಅಲ್ಲೇ ಕುಸಿದೆ.

ಆದರೆ ಮೇಲೆ ಬಂದ ಅತ್ತೆಗೆ ಮಂಡಿ ಹಗುರವೆನಿಸಿತು. ಅಂದಿನಿಂದ ದಿನಾ ನೀರು. ಕೆಲವೇ ತಿಂಗಳಲ್ಲಿ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿಯತೊಡಗಿದರು. ಮಾವನ ಗೊಣಗಾಟ ಮಾತ್ರ ಬಿಲ್ಲಿನ ಜೊತೆಗೇ ಬೆಳೆಯಿತು.

ಕೊನೆಗೆ, ಕೊಳ ಮುಚ್ಚಿಸಿದರೆ ಖರ್ಚು ಇಳಿಯುತ್ತದೆ ಎಂದು ನಿವಾಸಿಗಳ ಸಂಘ ಸಭೆ ಕರೆಯಿತು. ಮನೆಗೊಂದು ಮತ. ಬಾಡಿಗೆಯವಳಾದ ನನಗೆ ಮತವಿಲ್ಲ, ಬಾಯಿ ಮಾತ್ರ ಇದೆ. ಮುಂದಿನ ಸಾಲಲ್ಲೇ ಕೂತೆ. ಕಾರ್ಯದರ್ಶಿ ಮುಚ್ಚಲಿ ಎನ್ನುವವರದೊಮ್ಮೆ, ಉಳಿಯಲಿ ಎನ್ನುವವರದೊಮ್ಮೆ ಕೈ ಎತ್ತಿಸಿ ಎಣಿಸಿದರು.

"ಟೈಲರ್ ಮನೆಯವರು ಎರಡು ಕಡೆಗೂ ಕೈ ಎತ್ತಿದ್ದೀರಲ್ರೀ! ನಿಮ್ಮದು ಬಿಟ್ರೆ ಸಮಸಮ. ಒಂದು ತೀರ್ಮಾನ ಹೇಳಿ."

ನೋಡಿದರೆ, ಕೊಳ ಮುಚ್ಚಲಿ ಎಂದವರು ಅತ್ತೆ! ಉಳಿಯಲಿ ಎಂದವರು ಮಾವ!

"ಲೇ, ತಲೆಗಿಲೆ ಕೆಟ್ಟಿದೆಯೇನೇ? ನಿನ್ನ ಮಂಡಿ ಗತಿ ಏನು?" ಮಾವ ಕಿರುಚಿದರು.

"ಮಂಡಿ ಹಾಳಾಗ್ಲಿ. ಬಿಲ್ ಬಂದಾಗೆಲ್ಲ ನೀವು ಒದ್ದಾಡೋದನ್ನ ನನ್ನ ಕೈಲಿ ನೋಡೋಕಾಗಲ್ಲ ರೀ."

ಮಾವನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಇನ್ನೂ ಅರ್ಧ ಎತ್ತಿಕೊಂಡೇ ಇದ್ದ ಅತ್ತೆಯ ಕೈಯನ್ನು ಸಭೆಯೆದುರೇ ಹಿಡಿದು ಇಳಿಸಿದರು.

"ಗೊಣಗೋದು ನನ್ನ ಅಭ್ಯಾಸ ಕಣೇ, ಪೆದ್ದಿ! ನೀನು ನಡೀತಿರು. ನಾನು ಗೊಣಗ್ತಾ ಹಿಂದೇನೇ ಬರ್ತೀನಿ."