ಮೇಷ್ಟ್ರ ಹಳೇ ಕಂಪೈಲರ್

ನಮ್ಮ ತಂತ್ರಾಂಶ ಕನ್ನಡ ಪುಟಗಳನ್ನು ಗಟ್ಟಿಯಾಗಿ ಓದುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ತೀರ್ಥಹಳ್ಳಿಯಲ್ಲಿ ಕಾಲೇಜಿನಲ್ಲಿ ಪಾಠ ಹೇಳಿ ಬಂದಮೇಲೆ ನಾನು, ಸಾಗರದಲ್ಲಿ ಮೂವರು ಹುಡುಗರು ಸೇರಿ ಅದನ್ನು ನೋಡಿಕೊಳ್ಳುತ್ತೇವೆ. ಅದರ ಸ್ವರ ನನ್ನದು. ಬೇರೆ ಯಾರೂ ಸಿಗದೆ, ಒಂದು ಬೇಸಿಗೆಯಿಡೀ ಗಂಟಲು ಹರಿದುಕೊಂಡು ರೆಕಾರ್ಡ್ ಮಾಡಿದ್ದೆ.

ನಿಟ್ಟೂರಿನ ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ನಿವೃತ್ತಿಯ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿತ್ತು. ಅವರ ಕಂಪ್ಯೂಟರಿನಲ್ಲಿದ್ದದ್ದು ಹಳೇ ಕಂಪೈಲರ್. ನಾವು ಬರೆದ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವುದು ಅದರ ಕೆಲಸ. ಹೊಸದನ್ನು ಹಾಕಬೇಕೆಂದರೆ ಕಂಪ್ಯೂಟರಿನ ವ್ಯವಸ್ಥೆಯನ್ನೇ ಬದಲಿಸಬೇಕು; ಬದಲಿಸಿದರೆ ಅವರ ಬ್ರೈಲ್ ಕೀಲಿಮಣೆ ಕೆಲಸ ಮಾಡುವುದಿಲ್ಲ, ಆ ಕೀಲಿಮಣೆ ಮಾಡಿದ ಕಂಪನಿಯೇ ಮುಚ್ಚಿಹೋಗಿದೆ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಹೊಸ ಆವೃತ್ತಿಯನ್ನು ಮೊದಲು ಮೇಷ್ಟ್ರು ತಮ್ಮ ಯಂತ್ರದಲ್ಲಿ ಕಂಪೈಲ್ ಮಾಡಬೇಕು. "ಬೆಂತು ಮಾರಾಯ್ತಿ, ಬಡಿಸು" ಎಂದು ಅವರ ಫೋನು ಬಂದಮೇಲೇ ಬಿಡುಗಡೆ.

ಉದ್ದ ಪುಟ ಬಂದರೆ ಓದು ನಡುವೆ ನಿಂತುಬಿಡುತ್ತದೆ ಎಂದು ದೂರಿದ್ದವರೂ ಅವರೇ. ಬಾಯಿಗೆ ಬಂದ ತುತ್ತು ಕಿತ್ತ ಹಾಗಾಗುತ್ತದೆ ಎನ್ನುತ್ತಿದ್ದರು. ಸಾಗರದವರು ಅದನ್ನು ಸರಿಮಾಡಿದರು. ಆದರೆ ಸರಿಮಾಡಿದ್ದು ಹೊಸ ಕಂಪೈಲರಿಗೆ ಮಾತ್ರ ಅರ್ಥವಾಗುವ ರೀತಿಯಲ್ಲಿ.

"ಒಬ್ರಿಗೋಸ್ಕರ ಎಷ್ಟು ವರ್ಷ ಅಂತ ಹಳೇದನ್ನ ಹೊರೋದು ಅಕ್ಕ? ಬಿಟ್ಬಿಡಣ" ಎಂದರು ಹುಡುಗರು, ನಾನು ಸಾಗರಕ್ಕೆ ಹೋದಾಗ ಹೋಟೆಲಿನಲ್ಲಿ ಕೂತು.

"ಆ ಒಬ್ರು ಹೇಳ್ದೇ ಇದ್ರೆ ಈ ತಪ್ಪು ನಿಮ್ಗೆ ಗೊತ್ತಾಗ್ತಿತ್ತೇನ್ರೋ? ಉಂಡ ಮನೆಗೆ ಎರಡು ಬಗೀಬೇಡಿ!" ಬೈದೆ. ಹಳೇ ರೀತಿಯಲ್ಲಿ ನಾನೇ ಬರೆಯುತ್ತೇನೆಂದೆ.

"ಇನ್ಮುಂದೆ ಪ್ರತಿಯೊಂದನ್ನೂ ಎರಡೆರಡು ಸಲ ಬರೀತೀರಾ?"

ಅವರು ಮೂವರು, ನಾನೊಬ್ಬಳು. ಹಳೇದನ್ನು ಬಿಡುವ ತೀರ್ಮಾನವನ್ನು ಅಲ್ಲೇ ಯೋಜನೆಯ ಜಾಲಪುಟದಲ್ಲಿ ಹಾಕಿದರು.

ಮೇಷ್ಟ್ರಿಗೆ ಫೋನಿನಲ್ಲಿ ಹೇಳುವ ಮಾತಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ಹೊಸನಗರದಲ್ಲಿ ಇನ್ನೊಂದು ಹಿಡಿದು ನಿಟ್ಟೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಹೋಗಲಿಲ್ಲ.

ಮೇಷ್ಟ್ರು ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಅದು ಸುಮ್ಮನಿತ್ತು.

"ಮೇಷ್ಟ್ರೇ, ಒಂದು ವಿಷಯ..."

"ಗೊತ್ತು ಬಿಡು. ನಿನ್ನೆ ಪುಟದಲ್ಲಿ ಹಾಕಿದ್ರಲ್ಲ, ಓದ್ಸಿ ಕೇಳ್ದೆ. ನೀನೇ ಹೇಳ್ದ್ಯಲ್ಲ."

"ಅಯ್ಯೋ, ನಾನು ಬೇಡ ಅಂತ ಜಗಳ ಆಡ್ದೆ ಮೇಷ್ಟ್ರೇ!"

"ಆಡಿರ್ತೀಯ ಮಾರಾಯ್ತಿ. ಆದ್ರೆ ನಂಗೆ ಕೇಳಿದ್ದು ನಿನ್ನ ಸ್ವರನೇ. 'ಒಬ್ಬರಿಗಾಗಿ ಹಳೆಯದನ್ನು ಉಳಿಸಿಕೊಳ್ಳಲಾಗದು.' ಉಚ್ಚಾರ ಒಂದಕ್ಷರ ತಪ್ಪಿರಲಿಲ್ಲ ನೋಡು."

ನನಗೆ ಅಳು ಒತ್ತರಿಸಿ ಬಂತು. ಆ ಬೇಸಿಗೆ ನನ್ನ ಗಂಟಲು ಬಿದ್ದುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

ಅವರು ಪರದೆಯ ಕಡೆ ಕೈ ತೋರಿದರು. "ಈ ಕಥೆ ಉದ್ದ, ಓದ್ತಾ ಓದ್ತಾ ಅರ್ಧಕ್ಕೇ ನಿಂತಿದೆ. ಹೆಂಗೂ ಬಂದಿದ್ದೀಯಲ್ಲ, ಮುಂದಿಂದು ಓದು."

ಕಣ್ಣೊರೆಸಿಕೊಂಡು ಓದತೊಡಗಿದೆ. ಮೇಷ್ಟ್ರು ತಲೆ ಬಗ್ಗಿಸಿ ಕೇಳುತ್ತಿದ್ದರು. ಹೊಸನಗರಕ್ಕೆ ಹೋಗುವ ಕೊನೇ ಬಸ್ಸಿನ ಹೊತ್ತಾದಾಗ ಪುಟ ಇನ್ನೂ ಉಳಿದಿತ್ತು. ನಾನೂ ನಡುವೆಯೇ ನಿಲ್ಲಿಸಿ ಎದ್ದೆ.