ದೊಡ್ಡಕ್ಕನ ತೋಳು

ಒದ್ದೆ ಟವೆಲಿನಿಂದ ಹೊಡೆದರೆ ಎಷ್ಟು ಉರಿಯುತ್ತೆ ಅಂತ ತಿಳೀಬೇಕಾದವರು ನಮ್ಮ ಲಾಂಡ್ರಿಯ ಹಳೇ ಸೂಪರ್‌ವೈಸರನ್ನ ಕೇಳಬೇಕು. ಹೊಸದಾಗಿ ಸೇರಿದ ಹುಡುಗಿಯ ಸೊಂಟಕ್ಕೆ ಕೈ ಹಾಕಿದ್ದ ಆ ಮಹಾಶಯ. ದೊಡ್ಡಕ್ಕ ತೊಟ್ಟಿಯಿಂದ ಟವೆಲ್ ಎತ್ತಿ, ಹಗ್ಗದ ಹಾಗೆ ಹೊಸೆದು, ಬೆನ್ನು, ಕುತ್ತಿಗೆ, ಕಿವಿ ಅಂತ ನೋಡದೆ ಬಾರಿಸಿದ್ಲು. ಅವನು ಸೋಪಿನ ನೀರಲ್ಲಿ ಜಾರಿ ಬಿದ್ದ. ಬಿದ್ದ ಮೇಲೂ ಬಿಡಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಮಾರನೇ ದಿನ ಅವನು ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ.

ವಯಸ್ಸಲ್ಲಿ ಅವಳು ನನಗಿಂತ ಅಂಥಾ ದೊಡ್ಡವಳೇನಲ್ಲ. ಆದರೂ ಲಾಂಡ್ರಿಗೆಲ್ಲ ಅವಳು ದೊಡ್ಡಕ್ಕ. ತಲೆ ನರೆತ ಮ್ಯಾನೇಜರ್ ಕೂಡ ಹಾಗೇ ಕರೀತಿದ್ದ, ಅದೂ ಸ್ವಲ್ಪ ದೂರ ನಿಂತು. ಹೋಟೆಲುಗಳ ಬೆಡ್‌ಶೀಟ್ ಒಗೆದು, ಒಣಗಿಸಿ, ಮಡಚಿ ಕಳಿಸೋ ಕೆಲಸ ನಮ್ಮದು. ಇಸ್ತ್ರಿ ಮಾಡೋ ಬಿಸಿ ರೋಲರಿನಿಂದ ಬರೋ ಶೀಟನ್ನ ಒಂದು ಕಡೆ ಅವಳು, ಇನ್ನೊಂದು ಕಡೆ ನಾನು ಹಿಡಿದು ಜಗ್ಗಬೇಕು, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ದಿನವಿಡೀ ಅವಳ ಮುಖ ನಾನು, ನನ್ನ ಮುಖ ಅವಳು ನೋಡಿದ್ದೇ ನೋಡಿದ್ದು. ನನ್ನ ಗಂಡನೂ ನನ್ನನ್ನ ಅಷ್ಟು ನೋಡಿಲ್ಲ ಬಿಡಿ. ರೋಲರ್ ಹತ್ತಿರ ಉದ್ದ ತೋಳಿನ ಬಟ್ಟೆ ಹಾಕೋ ಹಾಗಿಲ್ಲ. ಶೀಟಿನ ಜೊತೆ ತೋಳೂ ಒಳಗೆ ಹೋಗುತ್ತೆ, ತೋಳಿನ ಜೊತೆ ಕೈಯೂ. ಹಾಗೆ ಕೈ ಸುಟ್ಟುಕೊಂಡವಳೊಬ್ಬಳ ಕಿರುಚಾಟ ನಾನೇ ಕೇಳಿದ್ದೀನಿ. ಅದಕ್ಕೇ ನಮಗೆಲ್ಲ ಅರ್ಧ ತೋಳಿನ ಅಂಗಿ.

ಯಾವಳಾದರೂ ಕೆನ್ನೆ ಊದಿಸಿಕೊಂಡು ಬಂದರೆ ದೊಡ್ಡಕ್ಕನಿಗೆ ಪಿತ್ತ ನೆತ್ತಿಗೇರೋದು. "ಅವನಿಗೆ ಕೈಯಿದೆ, ನಿನಗೇನು ದೇವರು ಕೈ ಕೊಟ್ಟಿಲ್ವಾ? ಸೌಟು ಇರೋದು ಬರೀ ಬಡಿಸೋಕಾ?" ಅಂತ ಜಾಡಿಸೋಳು. ಒಬ್ಬಳ ಗಂಡನನ್ನ ಗೇಟಿನ ಹತ್ತಿರ ಕಾಲರ್ ಹಿಡಿದು ನಿಲ್ಲಿಸಿ, ಹಣೆಯಿಂದ ಮೂಗಿಗೆ ಗುದ್ದಿದ್ಲು. ಅವನು ರಕ್ತ ಒರೆಸ್ಕೊಳ್ತಾ ಓಡಿದ್ದನ್ನ ಬೀದಿಯೇ ನೋಡಿತ್ತು. ಹುಡುಗಿಯರು ಅವಳನ್ನ ನೋಡಿಯೇ ಧೈರ್ಯ ಕಲಿತಿದ್ದು.

ಅವಳ ಗಂಡ ಶಾಲಾ ವ್ಯಾನ್ ಓಡಿಸ್ತಿದ್ದ. ಮಕ್ಕಳೆಲ್ಲ ಮಾವ, ಮಾವ ಅಂತ ಅವನಿಗೆ ಜೋತು ಬೀಳೋವು. ಬೆಣ್ಣೆಯಂಥ ಮಾತು. "ನಿಮ್ಮ ದೊಡ್ಡಕ್ಕನ ಮುಂದೆ ನಾನೊಂದು ಇಲಿ ಕಣಮ್ಮಾ" ಅಂತ ನಗೋನು. ಪಾಪ, ಇವಳ ಕೈಲಿ ಎಷ್ಟು ಏಟು ತಿಂತಾನೋ ಅಂತ ನಾವೂ ನಗ್ತಿದ್ವಿ.

ಆಮೇಲೆ ಅವಳಿಗೆ ಉಸಿರು ಸಾಲದೆ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು, ಎದೆ ಒಳಗೆ ಲೆಕ್ಕ ತಪ್ಪಿದ ಹಾಗೆ ಡವಡವ. ಗಂಡನಿಗೆ ವ್ಯಾನ್ ಬಿಟ್ಟು ಬರೋಕೆ ಪುರುಸೊತ್ತಿಲ್ಲ, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಎದೆಯ ಸ್ಕ್ಯಾನ್ ಮಾಡಿದ್ರು. ಅದು ಸಾಲದೂಂತ ಗಂಟಲೊಳಗೆ ಕೊಳವೆ ಇಳಿಸಿ ಇನ್ನೊಂದು ಮಾಡಿದ್ರು.

"ಸಣ್ಣವಳಿದ್ದಾಗ ಗಂಟಲು ನೋವು, ಜ್ವರ, ಕೀಲು ಊತ ಬಂದಿತ್ತಾ?" ಅಂತ ಕೇಳಿದ್ರು.

ಬಂದಿತ್ತಂತೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ಲಂತೆ.

"ಆಗಲೇ ಹೃದಯದ ಕವಾಟ ಕೆಟ್ಟಿದೆ. ಎಡಗಡೆ ಮೇಲೊಂದು ಕೋಣೆ, ಕೆಳಗೊಂದು ಕೋಣೆ, ನಡುವೆ ಮಿಟ್ರಲ್ ವಾಲ್ವ್ ಅನ್ನೋ ಬಾಗಿಲು. ಅದು ಗಟ್ಟಿಯಾಗಿ ಸರಿಯಾಗಿ ತೆರೀತಿಲ್ಲ. ರಕ್ತ ಮೇಲಿನ ಕೋಣೆಯಲ್ಲೇ ನಿಂತು ಹೆಪ್ಪುಗಟ್ಟಿದೆ. ಬಲೂನ್ ಹಾಕಿ ಬಾಗಿಲು ಅಗಲ ಮಾಡಬಹುದು. ಆದರೆ ಆ ಹೆಪ್ಪು ಇರೋವರೆಗೂ ಒಳಗೆ ಬಲೂನಿನ ತಂತಿ ಹಾಕೋ ಹಾಗಿಲ್ಲ. ಅದು ಕಿತ್ಕೊಂಡು ಮೆದುಳಿಗೆ ಹೋದರೆ ಮುಗೀತು. ಮೊದಲು ಅದು ಕರಗಬೇಕು." ಮಾತ್ರೆ ಬರೆದರು. "ಇದನ್ನ ಒಂದು ದಿನಾನೂ ತಪ್ಪಿಸಬಾರದು. ಇದನ್ನ ತಗೊಂಡರೆ ರಕ್ತ ಬೇಗ ಹೆಪ್ಪುಗಟ್ಟಲ್ಲ, ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತೆ, ಹಾಗಾಗಿ ಪೆಟ್ಟಾಗದ ಹಾಗೆ ನೋಡ್ಕೊಳ್ಳಿ. ತಲೆಗೆ ಪೆಟ್ಟು ಬಿದ್ದರಂತೂ ಜೀವಕ್ಕೇ ಅಪಾಯ."

ದೊಡ್ಡಕ್ಕ ನೆಲ ನೋಡ್ತಾ ತಲೆಯಾಡಿಸಿದ್ಲು. ಹೆದರಿದ್ದಾಳೆ ಅಂದ್ಕೊಂಡೆ.

ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ಅವಳ ಎಡಗೈಯಲ್ಲಿ ನೀಲಿ ಕಾಣಿಸ್ತು. ಮೊಣಕೈಯಿಂದ ಹರಡಿಕೊಂಡು ಮಣಿಕಟ್ಟಿನವರೆಗೂ ಇಳಿದಿತ್ತು. "ರೋಲರಿಗೆ ತಾಗ್ತು" ಅಂದ್ಲು. ಶೀಟಿನ ತುದಿ ಸೇರಿಸೋಕೆ ಹತ್ತಿರ ಬಂದಾಗ ಸರಿಯಾಗಿ ನೋಡಿದೆ. ನೀಲಿಯೊಳಗೆ ಒತ್ತಿದ ಬೆರಳುಗಳ ಗುರುತಿತ್ತು.

"ರೋಲರಿಗೆ ಬೆರಳಿರುತ್ತಾ ದೊಡ್ಡಕ್ಕಾ?"

ಅವಳ ಮುಖ ಇಷ್ಟು ಚಿಕ್ಕದಾಯ್ತು. ಸೋಪು ಇಡೋ ಕೋಣೆಗೆ ಎಳ್ಕೊಂಡು ಹೋಗಿ ಬಾಗಿಲು ಹಾಕಿದೆ. ಬಾಯಿ ಬಿಡಿಸೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂತು.

"ಮದುವೆಯಾದಾಗಿಂದ ಹೀಗೇ ಕಣೇ. ಎಲ್ಲಿ ಹೊಡೆದರೆ ಕಾಣಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಕೈ ತಿರುಚಿದರೂ ಮೊದಲು ಬೇಗ ಮಾಯ್ತಿತ್ತು. ಈ ಹಾಳು ಮಾತ್ರೆ ಬಂದಮೇಲೆ ಮುಟ್ಟಿದ್ದೆಲ್ಲ ನೀಲಿ."

"ಊರವರ ಗಂಡಂದಿರ ಮೂಗು ಒಡೀತೀಯಲ್ಲ, ನಿನ್ನ ಗಂಡನ ಮೂಗಿಗೇನು ಚಿನ್ನದ ಕಟ್ಟು ಹಾಕಿದೆಯಾ?"

"ಹೊಸ್ತಿಲು ದಾಟಿದ ಕೂಡಲೇ ಕೈ ಏಳಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ಈ ಹುಡುಗಿಯರಿಗೆ ಮಾತ್ರ ಹೇಳಬೇಡ್ವೇ, ನನ್ನಾಣೆ. ಗೊತ್ತಾದ್ರೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ನಿಲ್ಲಲಿ?"

ನನ್ನ ಮೈಯೆಲ್ಲ ಉರೀತಿತ್ತು. ಸಂಜೆ ಸೀದಾ ಅವಳ ಮನೆಗೆ ಹೋದೆ. ಬಾಗಿಲು ಹಾಕಿತ್ತು. ಒಳಗೆ ದಪ್ ದಪ್ ಅಂತ ಸದ್ದು, ಯಾರೋ ಹಾಸಿಗೆ ಬಡೀತಿರೋ ಹಾಗೆ. ಅವಳ ದನಿ ಇಲ್ಲ. ಅವನ ದನಿ ಮಾತ್ರ, ಮಕ್ಕಳ ಜೊತೆ ಮಾತಾಡೋ ಅದೇ ಮೆತ್ತನೆ ದನಿ. "ಆ ಮಾತ್ರೆ ನುಂಗಿ ನುಂಗಿ ನನ್ನ ಮಾನ ಕಳೀತೀಯಾ? ಮೈಯೆಲ್ಲ ಬಣ್ಣ ಮಾಡ್ಕೊಂಡು ಊರಿಗೆ ಪ್ರದರ್ಶನ ಇಡ್ತೀಯಾ?"

ಬಾಗಿಲು ಒದ್ದೆ. ಅವನೇ ತೆಗೆದ, ನಗ್ತಾ. "ಬಾಮ್ಮಾ, ಒಳಗೆ ಬಾ." ಥೂ! ಅವನ ಮುಖಕ್ಕೇ ಉಗಿದೆ. ಕೈಗೆ ಸಿಕ್ಕ ಸ್ಟೂಲ್ ಎತ್ತಿ ಬೀಸಿದೆ, ಅವನ ಭುಜಕ್ಕೆ ತಾಗ್ತು. ಅವನು ನನ್ನ ಕೈ ಹಿಂದಕ್ಕೆ ತಿರುಚಿ ಗೋಡೆಗೆ ಅದುಮಿದ. ಕೀಲು ಲಟಕ್ಕಂತು. ಆಗ ಯಾರು ಬಿಡಿಸಿದ್ದು ಅಂತೀರಿ? ದೊಡ್ಡಕ್ಕ. ಬಿಡಿಸಿದವಳು ಅವನ ಮೇಲೆ ಎಗರಲಿಲ್ಲ, ನನ್ನ ಕಾಲಿಗೆ ಬಿದ್ದಳು. "ಹೋಗೇ, ನಿನ್ನ ದಮ್ಮಯ್ಯ, ಅಕ್ಕಪಕ್ಕದವರು ಬರ್ತಾರೆ." ಸೂಪರ್‌ವೈಸರನ್ನ ಅಟ್ಟಾಡಿಸಿದ ಹೆಂಗಸು ಹೀಗೆ ಬೇಡೋದನ್ನ ನನ್ನಿಂದ ನೋಡೋಕಾಗಲಿಲ್ಲ. ಅಳ್ತಾ ಮನೆಗೆ ಬಂದೆ.

ಅದಾದ ಮೇಲೆ ಅವಳ ತೋಳು ತಿಳಿಯಾಗ್ತಾ ಬಂತು. ನೀಲಿ ಹಳದಿಯಾಗಿ, ಹಳದಿಯೂ ಹೋಗಿ, ಕೊನೆಗೆ ಏನೂ ಇಲ್ಲ. ನನ್ನ ಸ್ಟೂಲಿನೇಟಿಗೆ ಅವನಿಗೆ ಬುದ್ಧಿ ಬಂತು ಅಂತ ನಾನು ಒಳಗೊಳಗೇ ಬೀಗ್ತಿದ್ದೆ. ಒಂದು ದಿನ ಶೀಟ್ ಜಗ್ಗಿದಾಗ ಅವಳು ಪಕ್ಕೆ ಹಿಡಿದು ಹಲ್ಲು ಕಚ್ಚಿದ್ಲು. ಬಿಡಲಿಲ್ಲ ನಾನು, ಅಂಗಿ ಎತ್ತಿದೆ. ಬೆನ್ನ ಮೇಲೆ ಹೊಸ ಬಾಸುಂಡೆಗಳು ಕೆಂಪಗೆ ಎದ್ದಿದ್ವು. ತೋಳಿನಲ್ಲಿ ಮಾತ್ರ ಏನೂ ಇಲ್ಲ. ಏಟು ನಿಂತಿಲ್ಲ, ನೀಲಿಗಟ್ಟೋದು ಮಾತ್ರ ನಿಂತಿದೆ.

"ಮಾತ್ರೆ ಬಿಟ್ಟಿದ್ದೀಯಾ?"

"ಗುರುತು ಉಳಿಯಲ್ಲ ಈಗ" ಅಂದ್ಲು, ಏನೋ ಸಾಧಿಸಿದವಳ ಹಾಗೆ.

ಕೆನ್ನೆಗೆ ಒಂದು ಬಿಟ್ಟೆ. ಹೌದು, ನಾನೂ ಹೊಡೆದೆ, ಸಿಟ್ಟಿಗೆ ಕಣ್ಣು ಕಾಣಲಿಲ್ಲ. "ಸಾಯ್ತೀಯೇ ಮೂದೇವಿ! ಆ ಹೆಪ್ಪು ಒಳಗೇ ಕೂತಿದೆ!"

"ಮಾತ್ರೆ ತಗೊಂಡ್ರೆ ಅವನ ಒಂದೇ ಏಟಿಗೆ ಸಾಯ್ತೀನಿ, ಬಿಟ್ರೆ ಹೆಪ್ಪಿಗೆ ಸಾಯ್ತೀನಿ. ಎರಡೂ ಸಾವೇ ಆದಮೇಲೆ ಮರ್ಯಾದೆಯಾಗಿ ಸಾಯೋದು ಬೇಡ್ವಾ?"

"ಅವನನ್ನ ಬಿಡೋದು ಅಂತ ಮೂರನೇದೊಂದಿದೆ, ಅದು ತಲೆಗೇ ಬರಲಿಲ್ವಾ ನಿಂಗೆ? ನಾಳೆ ಬೆಳಗ್ಗೆ ಡಾಕ್ಟರ್ ಹತ್ರ ಹೋಗ್ತಿದ್ದೀವಿ. ಎಲ್ಲಾ ನಾನೇ ಹೇಳ್ತೀನಿ. ಆಣೆ ಗೀಣೆ ಎಲ್ಲ ಒಲೆಗೆ ಹಾಕು."

ಅವಳು ಅಂಗಿ ಕೆಳಗೆಳ್ಕೊಂಡ್ಲು. ಮತ್ತೆ ರೋಲರ್ ಹತ್ತಿರ ನಿಂತ್ವಿ. ಮಧ್ಯಾಹ್ನದ ಹೊತ್ತಿಗೆ ಶೀಟಿನ ಅವಳ ಬಲಗಡೆ ತುದಿ ಜಾರಿತು. "ಹಿಡ್ಕೊಳ್ಳೇ" ಅಂದೆ. ಅವಳು ತನ್ನ ಬಲಗೈಯನ್ನ ಯಾರದ್ದೋ ಕೈಯನ್ನ ನೋಡೋ ಹಾಗೆ ನೋಡಿದ್ಲು. ಏನೋ ಹೇಳೋಕೆ ಬಾಯಿ ತೆರೆದ್ಲು, ಬಾಯಿ ಒಂದು ಪಕ್ಕಕ್ಕೆ ಜಾರಿತು. ಬಿಳೀ ಶೀಟನ್ನ ಎಳ್ಕೊಂಡೇ ನೆಲಕ್ಕೆ ಬಿದ್ಲು.

ಹೆಪ್ಪು ಮೆದುಳಿಗೆ ಹೋಗಿತ್ತು. ಜೀವ ಉಳೀತು. ಬಲಗಡೆ ಸ್ವಾಧೀನ ಹೋಯ್ತು, ಮಾತು ಹೋಯ್ತು. "ನಾವು ಹೇಳೋದೆಲ್ಲ ಅವಳಿಗೆ ಅರ್ಥ ಆಗುತ್ತೆ, ಹೇಳೋಕೆ ಮಾತ್ರ ಆಗಲ್ಲ" ಅಂದ್ರು ಡಾಕ್ಟರಮ್ಮ. ಲಾಂಡ್ರಿಯನ್ನೇ ನಡುಗಿಸಿದ ಬಾಯಿಂದ ಈಗ ಬರೀ ಆ, ಆ ಅನ್ನೋ ಸದ್ದು. ಅಯ್ಯೋ, ಅದನ್ನ ಕೇಳೋಕಾಗ್ತಿರಲಿಲ್ಲ ನನಗೆ.

ವಾರ್ಡಿಗೆ ನಮ್ಮ ಹುಡುಗಿಯರೆಲ್ಲ ಬಂದು ಮಂಚದ ಸುತ್ತ ನಿಂತಿದ್ರು. ಗಂಡನೂ ಬಂದ, ಕಣ್ಣೊರೆಸ್ಕೊಳ್ತಾ, ಹಣ್ಣು ಹಿಡ್ಕೊಂಡು. ಡಾಕ್ಟರಮ್ಮ ಕೇಳಿದ್ರು, "ನರ್ಸ್ ಮಗ್ಗುಲು ಬದಲಿಸುವಾಗ ನೋಡಿದ್ದಾರೆ. ಬೆನ್ನ ಮೇಲೆಲ್ಲ ಏಟಿನ ಗುರುತಿದೆ. ಏನಿದು?"

ನಾನು ಬಾಯಿ ತೆರೆಯೋ ಮುಂಚೆಯೇ ಅವನು ಶುರು ಮಾಡಿದ. "ಲಾಂಡ್ರಿಯಲ್ಲಿ ಬಿದ್ದಳಲ್ಲ ಮೇಡಂ, ಮಷೀನಿಗೆ ತಾಗಿದೆ. ಮೊದಲಿಂದಲೂ ಹೀಗೇ, ಎಲ್ಲಾದ್ರೂ ಬೀಳೋದು, ತಾಗಿಸ್ಕೊಳ್ಳೋದು." ಮಂಚದ ಮೇಲೆ ಬಗ್ಗಿ ಅವಳ ತಲೆ ಸವರಿದ. "ಅಲ್ವಾ ಕಣೇ? ಬಿದ್ದೆ ತಾನೇ?"

ದೊಡ್ಡಕ್ಕ ಅವನನ್ನ ನೋಡಿದ್ಲು. ನಮ್ಮ ಹುಡುಗಿಯರನ್ನ ಒಬ್ಬೊಬ್ಬರಾಗಿ ನೋಡಿದ್ಲು. ಆಮೇಲೆ ಎಡಗೈ ಮೇಲೆತ್ತಿ, ಹತ್ತಿರ ಬಂದಿದ್ದ ಆ ಮುಖಕ್ಕೆ ಫಟಾರಂತ ಬಾರಿಸಿದ್ಲು. ಹಣ್ಣೆಲ್ಲ ನೆಲಕ್ಕೆ ಉರುಳಿದ್ವು.

ಅಷ್ಟು ವರ್ಷದ ಅಭ್ಯಾಸ, ಸುಮ್ಮನೆ ಹೋಗುತ್ತಾ? ಅವನ ಮುಷ್ಟಿ ತಾನಾಗಿ ಮೇಲೆದ್ದಿತು. ಡಾಕ್ಟರು, ನರ್ಸು, ಲಾಂಡ್ರಿಯ ಹುಡುಗಿಯರು, ಪಕ್ಕದ ಮಂಚದ ಅಜ್ಜಿ, ಎಲ್ಲರ ಕಣ್ಣೆದುರು ಆ ಮುಷ್ಟಿ ಅವಳ ತಲೆಯ ಮೇಲೆ ನಿಂತಿತ್ತು. ಎಲ್ಲಿದ್ದೀನಿ ಅಂತ ಅವನಿಗೆ ನೆನಪಾಗೋ ಹೊತ್ತಿಗೆ ತಡವಾಗಿತ್ತು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ಅವಳು ಯಾರ ಸೊಂಟಕ್ಕಾಗಿ ಟವೆಲ್ ಬೀಸಿದ್ಲೋ, ಆ ಹುಡುಗಿಯೇ ಮೊದಲು ಅವನ ಕೂದಲಿಗೆ ಕೈ ಹಾಕಿದ್ದು. ಮಿಕ್ಕವರು ಅವನನ್ನ ಬಾಗಿಲವರೆಗೆ ನಡೆಸಲಿಲ್ಲ, ಎಳ್ಕೊಂಡೇ ಹೋದ್ರು. ನರ್ಸಮ್ಮ ತಡೆಯೋಕೆ ಅಂಥಾ ಅವಸರವನ್ನೇನೂ ಮಾಡಲಿಲ್ಲ.

ನಾನು ಹೋಗಲಿಲ್ಲ. ದೊಡ್ಡಕ್ಕನ ಎಡಗೈ ಹಿಡ್ಕೊಂಡು ಕೂತಿದ್ದೆ. ಕೆಲವು ದಿನ ಕಳೆದು, ಇನ್ನು ಮೆದುಳಲ್ಲಿ ರಕ್ತ ಸೋರೋ ಅಪಾಯವಿಲ್ಲ ಅಂತ ಡಾಕ್ಟರಮ್ಮ ಮತ್ತೆ ಅದೇ ಮಾತ್ರೆ ಶುರು ಮಾಡಿದ್ರು. ಕುಡಿಸೋಕೆ ಹೋದ ನನ್ನ ಕೈಯನ್ನ ತಳ್ಳಿ, ಅವಳೇ ಎಡಗೈಯಿಂದ ಬಾಯಿಗೆ ಹಾಕ್ಕೊಂಡ್ಲು. ಕಷ್ಟಪಟ್ಟು ನುಂಗಿ, ನುಂಗಿದ್ದೀನಿ ನೋಡು ಅಂತ ನನಗೆ ನಾಲಿಗೆ ಚಾಚಿ ತೋರಿಸಿದ್ಲು.